ಕೈಯಾರೆ ಮಾಡಿದ ಉಡುಗೊರೆ
(ಮಹಿಳಾ ವೇದಿಕೆಯ ಲಕ್ಷ್ಮೀ ನಗರದ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



‘ಪುಟ್ಟ ಮಕ್ಕಳಿಗೆ ಮನೆಯಲ್ಲೇ ಮಾಡುವ ಉಡುಗೊರೆಗಳ ಬಗ್ಗೆ ಮಾತಾಡಿ’ ಎಂದು ವೇದಿಕೆಯ ಗೆಳತಿಯರು ಕೇಳಿದಾಗ ನಾನು ಮೊದಲು ಒಲ್ಲೆ ಅಂದೆ. ನಾನು ಕರಕುಶಲ ಕಲಿತವಳಲ್ಲ. ಶಾಲೆಯ ಹೊಲಿಗೆ ಪೀರಿಯಡ್ಡಿನಲ್ಲಿ ಒಂದು ಕರ್ಚೀಫಿನ ಅಂಚು ಮಡಚಿ ಹೊಲಿಯಲು ಮೂರು ವಾರ ತೆಗೆದುಕೊಂಡವಳು. ಈಗ ಬ್ಯಾಂಕಿನಲ್ಲಿ ಕೆಲಸ. ಆದರೆ ಯೋಚಿಸಿ ನೋಡಿದಾಗ, ಈ ವಿಷಯದಲ್ಲಿ ನಾನು ಮಾಡಿದ ಒಂದು ತಪ್ಪನ್ನಾದರೂ ಹೇಳಬಹುದಲ್ಲ ಅನ್ನಿಸಿತು. ಅದಕ್ಕೇ ಬಂದಿದ್ದೇನೆ.

ನನ್ನ ತವರು ಮೈಸೂರು, ಯಜಮಾನರದ್ದು ಧಾರವಾಡದ ಕಡೆ. ಮಾವ ತೀರಿಕೊಂಡ ಮೇಲೆ ಅತ್ತೆಯವರನ್ನು ಲಕ್ಷ್ಮೀ ನಗರದ ನಮ್ಮ ಮನೆಗೆ ಕರೆದುಕೊಂಡು ಬಂದೆವು. ಇಲ್ಲಿನ ಗಲ್ಲಿಗಳು ನಿಮಗೆಲ್ಲ ಗೊತ್ತು. ಮೂರನೇ ಮಹಡಿಯ ಬಾಲ್ಕನಿಯಿಂದ ಬಗ್ಗಿ ನೋಡಿದರೆ ವಿದ್ಯುತ್ ತಂತಿಗಳ ಗೋಜಲು, ಸಿಎ ಕೋಚಿಂಗಿನ ಬೋರ್ಡುಗಳು, ಕೆಳಗೆ ಇ-ರಿಕ್ಷಾಗಳ ಗಲಾಟೆ. ಅತ್ತೆಗೆ ಹಿಂದಿ ಬಾರದು. ಮಾತಾಡಿಸಲು ಅಕ್ಕಪಕ್ಕದಲ್ಲಿ ಯಾರೂ ಇಲ್ಲ. ಮಗಳು ಪುಟ್ಟಿಗೆ ಆಗ ನಾಲ್ಕು ವರ್ಷ. ನರ್ಸರಿಗೆ ಹೋಗಲು ಶುರು ಮಾಡಿದ ಆರು ತಿಂಗಳಲ್ಲಿ ನಾವು ಕನ್ನಡದಲ್ಲಿ ಕೇಳಿದರೂ ಅವಳು ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದಳು. ಅಜ್ಜಿ ಏನೋ ಕೇಳುವುದು, ಮೊಮ್ಮಗಳು ‘ಕ್ಯಾ?’ ಅನ್ನುವುದು, ಅಜ್ಜಿ ಸುಮ್ಮನಾಗುವುದು. ಒಂದೇ ಮನೆಯಲ್ಲಿ ಇಬ್ಬರು ಪರದೇಶಿಗಳ ಹಾಗಿದ್ದರು.

ಪುಟ್ಟಿಗೆ ಐದು ತುಂಬಿದಾಗ ಹುಟ್ಟುಹಬ್ಬ ಜೋರಾಗಿ ಮಾಡಿದೆವು. ಸದರ್ ಬಜಾರಿಗೆ ಹೋಗಿ 25 ರಿಟರ್ನ್ ಗಿಫ್ಟ್ ತಂದೆ. ಪ್ಲಾಸ್ಟಿಕ್ಕಿನ ಡಬ್ಬಿಯೊಳಗೆ ಪ್ಲಾಸ್ಟಿಕ್ಕಿನ ಅಡುಗೆ ಸಾಮಾನು. ಹುಟ್ಟುಹಬ್ಬದ ಹಿಂದಿನ ರಾತ್ರಿ ಅತ್ತೆ ನನ್ನ ಕೈಗೆ ಒಂದು ಬಟ್ಟೆಯ ಗೊಂಬೆ ಕೊಟ್ಟರು. ಮಾವನ ಬಿಳಿ ಧೋತರದ ತುಂಡಿನಲ್ಲಿ ಮೈ, ಹಳೆಯ ದಿಂಬಿನ ಹತ್ತಿ ತುಂಬಿದ್ದರು. ಬಿಚ್ಚಿದ ಸ್ವೆಟರಿನ ಕರಿ ಉಲ್ಲನ್ನಿನ ಜಡೆ, ಹರಿದ ಇಳಕಲ್ ಸೀರೆಯ ಸೆರಗಿನದೇ ಪುಟ್ಟ ಸೀರೆ. ಒಂದು ಕಣ್ಣು ಸ್ವಲ್ಪ ಮೇಲೆ, ಒಂದು ಕೆಳಗೆ. ‘ನಾಳೆ ಪುಟ್ಟಿಗೆ ಕೊಡವಾ’ ಅಂದರು.

ನಾನು ಕೊಡಲಿಲ್ಲ. ಶಾಲೆಯ ಗೆಳತಿಯರು, ಅವರ ತಾಯಂದಿರು ಎಲ್ಲ ಬರುವವರು. ಬಣ್ಣದ ಕಾಗದದಲ್ಲಿ ಸುತ್ತಿದ ದೊಡ್ಡ ದೊಡ್ಡ ಪೆಟ್ಟಿಗೆಗಳ ನಡುವೆ ಈ ಮೆಳ್ಳಗಣ್ಣಿನ ಗೊಂಬೆಯನ್ನು ಇಡಲು ನನಗೆ ಸಂಕೋಚವಾಯಿತು. ಆಮೇಲೆ ಕೊಟ್ಟರಾಯಿತು ಎಂದು ಬೀರುವಿನಲ್ಲಿ, ಸೀರೆಗಳ ಹಿಂದೆ ಇಟ್ಟೆ. ಆ ‘ಆಮೇಲೆ’ ಬರಲೇ ಇಲ್ಲ. ಅತ್ತೆಯೂ ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಅಂತ ಈಗ ಅನ್ನಿಸುತ್ತದೆ.

ನವೆಂಬರ್ ಬಂತು. ದೆಹಲಿಯ ನವೆಂಬರ್ ಬಗ್ಗೆ ನಿಮಗೆ ಹೇಳಬೇಕೆ? ಗಾಳಿ ‘ಗಂಭೀರ’ ಮಟ್ಟಕ್ಕೆ ಕೆಟ್ಟರೆ ಮೊದಲು ಮುಚ್ಚುವುದು ಚಿಕ್ಕ ಮಕ್ಕಳ ತರಗತಿಗಳನ್ನೇ. ಕಿಟಕಿ ತೆಗೆಯುವ ಹಾಗಿಲ್ಲ, ಪಾರ್ಕಿಗೆ ಕಳಿಸುವ ಹಾಗಿಲ್ಲ. ಹುಟ್ಟುಹಬ್ಬಕ್ಕೆ ಬಂದಿದ್ದ ಆಟಿಕೆಗಳಲ್ಲಿ ಅರ್ಧ ಮುರಿದಿದ್ದವು, ಉಳಿದರ್ಧ ಬೇಸರವಾಗಿದ್ದವು. ಒಂದು ದಿನ ನಾನು ಆಫೀಸಿನಿಂದ ಬಂದಾಗ ಪುಟ್ಟಿ ಬೀರು ಕೆದಕಿ ಆ ಗೊಂಬೆಯನ್ನು ಹೊರಗೆ ತೆಗೆದಿದ್ದಳು. ‘ಅಜ್ಜಿ, ಯೇ ಕಿಸ್‌ಕಾ ಹೈ?’ ಅಂದಳಂತೆ. ಮಾತು ಅರ್ಥವಾಗದಿದ್ದರೂ ಗೊಂಬೆ ನೋಡಿ ಅತ್ತೆಗೆ ತಿಳಿಯಿತು. ‘ನಿಂದ ಅದು. ನಿನ್ನ ಹುಟ್ಟಿದ ಹಬ್ಬಕ್ಕ ಮಾಡಿದ್ದೆ’ ಅಂದರಂತೆ. ನಾನು ಒಳಗೆ ಬರುವ ಹೊತ್ತಿಗೆ ಗೊಂಬೆಯ ಸೀರೆ ಬಿಚ್ಚಿ ಹೇಗೆ ಉಡಿಸಬೇಕು ಅಂತ ಪಾಠ ನಡೆದಿತ್ತು. ನಿರಿಗೆ, ಸೆರಗು, ಅಂಚು, ಗಂಟು. ನಾನು ಪಟ್ಟು ಹಿಡಿದು ಕಲಿಸಲು ಹೋಗಿ ಸೋತಿದ್ದ ಕನ್ನಡ, ಆ ಸಂಜೆ ಒಂದು ಗೇಣು ಸೀರೆಯ ಜೊತೆ ಮನೆಯೊಳಕ್ಕೆ ಬಂತು.

ಅತ್ತೆಯ ಮುಖ ನೋಡಲು ನನಗೆ ಎರಡು ದಿನ ಬೇಕಾಯಿತು.

ಅವತ್ತಿನಿಂದ ನಾನು ಕಂಡುಕೊಂಡದ್ದು ಇಷ್ಟೆ. ಎದುರು ಬದುರು ಕೂತು ‘ಕನ್ನಡ ಮಾತಾಡು’ ಅಂದರೆ ಮಗು ಬಾಯಿ ಮುಚ್ಚುತ್ತದೆ. ಪಕ್ಕಪಕ್ಕ ಕೂತು ಕೈಗೆ ಕೆಲಸ ಕೊಟ್ಟರೆ ಬಾಯಿ ತಾನಾಗಿ ತೆರೆಯುತ್ತದೆ. ‘ಸೂಜಿ ಕೊಡು, ದಾರ ಜಗ್ಗು, ಗಂಟು ಹಾಕು, ಇಲ್ಲಿ ಹಿಡಕೋ’ ಎನ್ನುವ ಮಾತಿಗೆ ಅನುವಾದ ಬೇಡ. ಕೈಯೇ ಅರ್ಥ ಹೇಳುತ್ತದೆ. ಮನೆಯಲ್ಲಿ ಮಾಡಿದ ಉಡುಗೊರೆಯ ಬೆಲೆ ಅದನ್ನು ಮಾಡುವ ಹೊತ್ತಿನಲ್ಲಿದೆ.

ಮುಂದಿನ ಬೇಸಿಗೆ ರಜೆಯಲ್ಲಿ, ಹೊರಗೆ ಲೂ ಬೀಸುವಾಗ, ಅತ್ತೆ ಕೌದಿಗೆ ಕೂತರು. ಉತ್ತರ ಕರ್ನಾಟಕದವರಿಗೆ ಕೌದಿಯ ಪರಿಚಯ ಹೇಳಬೇಕಿಲ್ಲ. ಹಳೇ ಮೈಸೂರಿನ ಕಡೆಯವರಿಗಾಗಿ ಹೇಳುತ್ತೇನೆ. ಉಟ್ಟು ಮೆತ್ತಗಾದ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಇಟ್ಟು, ಎಲ್ಲ ಪದರ ಹಿಡಿಯುವಂತೆ ಕೈಯಿಂದ ಸಾಲು ಸಾಲು ಹೊಲಿದರೆ ಕೌದಿ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಗಳಿಗಂತೂ ಹೊರದೇಶಗಳಲ್ಲೂ ಹೆಸರಿದೆ. ಅವರು ಅಂಚಿನಿಂದ ಆರಂಭಿಸಿ ಸುತ್ತುತ್ತಾ ನಡುವಿಗೆ ಬರುತ್ತಾರೆ, ಮೂಲೆಗಳಿಗೆ ‘ಫುಲ’ ಅಂದರೆ ಹೂವು ಇಡುತ್ತಾರೆ.

ನಾವು ಮಾಡಿದ್ದು ಮಗುವಿನ ಅಳತೆಯದು, ಒಂದು ಗಜ ಉದ್ದ, ಒಂದು ಗಜ ಅಗಲ. ಮಾವನ ಧೋತರವೇ ಅಡಿಪದರ. ಮೇಲೆ ನನ್ನ ಹಳೆಯ ಚೂಡಿದಾರ, ಪುಟ್ಟಿಯ ಮೊದಲ ವರ್ಷದ ಲಂಗ, ಯಜಮಾನರ ಕಾಲೇಜಿನ ಚೌಕಳಿ ಅಂಗಿ. ಸಾಲದ್ದಕ್ಕೆ ಪಕ್ಕದ ಗಾಂಧಿ ನಗರವಿದೆಯಲ್ಲ, ಸಿದ್ಧ ಉಡುಪಿನ ಸಗಟು ಮಾರುಕಟ್ಟೆ, ಅಲ್ಲಿ ಬಟ್ಟೆ ಕತ್ತರಿಸಿ ಉಳಿದ ಚೂರುಗಳಿಗೆ ‘ಕತರನ್’ ಅನ್ನುತ್ತಾರೆ. ಹತ್ತಿಯದು ಆರಿಸಿ ತಂದೆವು. ನಮ್ಮ ಗಲ್ಲಿಯ ದರ್ಜಿಯಂತೂ ಒಂದು ಚೀಲ ಕತರನ್ ಸುಮ್ಮನೆ ಕೊಟ್ಟ.

ಮಕ್ಕಳಿಗೆ ಯಾವ ವಯಸ್ಸಿನಲ್ಲಿ ಏನು ಕೊಡಬಹುದು ಎನ್ನುವುದನ್ನು ಅತ್ತೆಯಿಂದ ಕಲಿತೆ. ನಾಲ್ಕೈದು ವರ್ಷದವರಿಗೆ ತುಂಡು ಆರಿಸುವುದು, ಜೋಡಿಸುವುದು. ಕೆಂಪಿನ ಪಕ್ಕ ಹಸಿರೋ ಹಳದಿಯೋ ಅವರೇ ಹೇಳಲಿ, ನಾವು ತಿದ್ದಬಾರದು. ಆರಕ್ಕೆ ಸೂಜಿಗೆ ದಾರ ಪೋಣಿಸುವುದು, ಜೊತೆಗೆ ಗೋಣಿತಟ್ಟಿನ ಮೇಲೆ ತುದಿ ಮೊಂಡಾದ ದಪ್ಪ ಸೂಜಿಯಲ್ಲಿ ಹೊಲಿಗೆಯ ಆಟ. ಏಳೆಂಟಕ್ಕೆ ನಿಜವಾದ ಹೊಲಿಗೆ. ಒಮ್ಮೆಗೆ ಒಂದೇ ಸಾಲು, ಬೇಜಾರಾಯಿತೆಂದರೆ ಅಲ್ಲಿಗೇ ನಿಲ್ಲಿಸಬೇಕು. ದಾರ ಮೊಳಕ್ಕಿಂತ ಉದ್ದ ಬೇಡ, ಸಿಕ್ಕಾಗುತ್ತದೆ. ಪುಟ್ಟಿಯ ಹೊಲಿಗೆ ವಿಕಾಸ್ ಮಾರ್ಗದ ಟ್ರಾಫಿಕ್ಕಿನ ಹಾಗೆ ಎಲ್ಲೆಲ್ಲೋ ನುಗ್ಗುತ್ತಿತ್ತು. ಅವಳು ಮಲಗಿದ ಮೇಲೆ ಬಿಚ್ಚಿ ನೆಟ್ಟಗೆ ಮಾಡೋಣ ಅಂದೆ. ಅತ್ತೆ ನನ್ನ ಕೈ ಹಿಡಿದರು. ‘ಬ್ಯಾಡ. ನಾಳೆ ಆಕಿ ತನ್ನ ಹೊಲಿಗಿ ಹುಡುಕ್ತಾಳ.’

ಆ ಕೌದಿ ಮುಗಿಯಲು ಎರಡು ಬೇಸಿಗೆ ಹಿಡಿಯಿತು. ಅಷ್ಟರಲ್ಲಿ ಅತ್ತೆ ಧೋತರದ ಕಥೆ ಹೇಳಿದರು, ಮಾವ ಸಂತೆಗೆ ಹೋಗಿ ಎತ್ತಿನ ಬದಲು ಮೇಕೆ ತಂದ ಕಥೆ ಹೇಳಿದರು. ಮಾವ ಹೋದ ಮೇಲೆ ಅವರ ಹೆಸರು ಹಿಡಿದು ಅತ್ತೆ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಕೊನೆಯ ಮೂಲೆ ಮುಚ್ಚುವ ಮುನ್ನ ಒಳಗೆ ನಾಲ್ಕು ಕಾಳು ಅಕ್ಕಿ ಹಾಕಿದರು. ಯಾಕೆ ಅಂತ ಪುಟ್ಟಿ ಕೇಳಿದಳು, ಕನ್ನಡದಲ್ಲೇ. ‘ಕೌದಿ ಹಸಕೊಂಡಿರಬಾರದವಾ. ಅದರ ಹೊಟ್ಟಿ ತುಂಬಿದ್ರ ಹೊದಕೊಂಡವರ ಹೊಟ್ಟಿನೂ ತುಂಬಿರತದ.’

ಇದೇನೂ ಹೊಸ ಸಂಗತಿಯಲ್ಲ. ಮಗು ಹುಟ್ಟಿದರೆ ಕುಂಚಿಗೆ, ಕುಲಾವಿ ಹೊಲಿದು ತರುವ ಪದ್ಧತಿ ನಮ್ಮಲ್ಲಿತ್ತು. ಮಣ್ಣೆತ್ತಿನ ಅಮಾವಾಸ್ಯೆಗೆ ಉತ್ತರ ಕರ್ನಾಟಕದ ಮನೆಮನೆಯಲ್ಲಿ ಮಣ್ಣಿನ ಎತ್ತು ಮಾಡುತ್ತಾರೆ, ಮಕ್ಕಳ ಕೈಯೂ ಕೆಸರಾಗುತ್ತದೆ. ನಮ್ಮ ಮೈಸೂರಿನ ಕಡೆ ಮದುವೆಯಲ್ಲಿ ಮಗಳಿಗೆ ಪಟ್ಟದ ಗೊಂಬೆ ಕೊಟ್ಟು ಕಳಿಸುತ್ತಿದ್ದರು, ದಸರೆಗೆ ಅದನ್ನು ಸಿಂಗರಿಸುವುದು ಮನೆಯವರೆಲ್ಲರ ಕೆಲಸ. ಸಂಕ್ರಾಂತಿಗೆ ಪುಟ್ಟ ಮಕ್ಕಳಿಗೆ ಕುಸುರೆಳ್ಳಿನ ಸರ, ಬಳೆ ಪೋಣಿಸಿ ಹಾಕುತ್ತಿದ್ದರು. ಎನ್‌ಸಿಇಆರ್‌ಟಿ 2023ರಲ್ಲಿ 3ರಿಂದ 8 ವರ್ಷದ ಮಕ್ಕಳಿಗಾಗಿ ಆಟಿಕೆ, ಗೊಂಬೆ, ಒಗಟುಗಳ ‘ಜಾದೂಯಿ ಪಿಟಾರಾ’ ಎಂಬ ಪೆಟ್ಟಿಗೆ ತಂದಿದೆ. ಒಳ್ಳೆಯದೇ. ನಮ್ಮ ಅಜ್ಜಿಯರ ಟ್ರಂಕಿನಲ್ಲೂ ಅಂಥ ಪೆಟ್ಟಿಗೆ ಇತ್ತು, ನಾವು ಅದನ್ನು ಊರಲ್ಲೇ ಬಿಟ್ಟು ರೈಲು ಹತ್ತಿದೆವು ಅಷ್ಟೆ.

ಗೊಂಬೆಗಳ ರುಚಿ ಹತ್ತಿದ ಮೇಲೆ ಪುಟ್ಟಿಯನ್ನು ಯಮುನೆಯ ಆಚೆ, ಐಟಿಒ ಹತ್ತಿರ ಬಹಾದೂರ್ ಶಾ ಜಫರ್ ಮಾರ್ಗದಲ್ಲಿರುವ ಶಂಕರ್ಸ್ ಗೊಂಬೆ ಸಂಗ್ರಹಾಲಯಕ್ಕೆ ಕರೆದುಕೊಂಡು ಹೋದೆ. ವ್ಯಂಗ್ಯಚಿತ್ರಕಾರ ಶಂಕರ್ ಪಿಳ್ಳೈ 1965ರಲ್ಲಿ ಕಟ್ಟಿದ್ದು. ಹಂಗೇರಿಯ ರಾಯಭಾರಿ ಕೊಟ್ಟ ಒಂದೇ ಒಂದು ಗೊಂಬೆಯಿಂದ ಆ ಸಂಗ್ರಹ ಆರಂಭವಾಯಿತು. ದೇಶವಿದೇಶಗಳ ಸಾವಿರಾರು ಗೊಂಬೆ ನೋಡಿ ಹೊರಬಂದ ಮೇಲೆ ಪುಟ್ಟಿ ಹೇಳಿದ್ದು, ‘ನಮ್ಮ ಅಜ್ಜಿ ಗೊಂಬೆ ಮಾತ್ರ ಇರಲಿಲ್ಲ.’

ಇನ್ನು ನೀವು ಮನೆಯಲ್ಲಿ ಮಾಡಬಹುದಾದ ನಾಲ್ಕು ಕೆಲಸ, ದೆಹಲಿಯ ಋತುಮಾನಕ್ಕೆ ತಕ್ಕಂತೆ.

ಆಗಸ್ಟ್ 15ರ ಹೊತ್ತಿಗೆ ಇಲ್ಲಿನ ತಾರಸಿಗಳೆಲ್ಲ ಗಾಳಿಪಟಮಯ. ಕೊಳ್ಳುವ ಬದಲು ಒಂದನ್ನು ಮಾಡಿ. ತೆಳು ಕಾಗದ, ತೆಂಗಿನ ಪೊರಕೆಯ ಎರಡು ಕಡ್ಡಿ, ಅನ್ನದ ಅಗುಳಿನ ಅಂಟು. ದೆಹಲಿಯ ಪಟಕ್ಕೆ ಬಾಲವಿಲ್ಲ, ನಮ್ಮದಕ್ಕೆ ಬಾಲಂಗೋಚಿ ಬೇಕೇ ಬೇಕು. ಯಜಮಾನರು ಹಳೇ ಸೀರೆಯ ಅಂಚಿನ ಬಾಲಂಗೋಚಿ ಕಟ್ಟಿದಾಗ ಅಕ್ಕಪಕ್ಕದ ಹುಡುಗರು ನಕ್ಕರು, ಮರುದಿನ ತಮಗೂ ಬೇಕೆಂದು ಬಂದರು. ದಾರ ಮಾತ್ರ ಹತ್ತಿಯದೇ ಇರಲಿ. ದೆಹಲಿಯಲ್ಲಿ ನೈಲಾನ್ ಮಾಂಜಾ 2017ರಿಂದ ನಿಷಿದ್ಧ. ಹಕ್ಕಿಗಳ ರೆಕ್ಕೆ, ಸ್ಕೂಟರ್ ಸವಾರರ ಕುತ್ತಿಗೆ ಎರಡನ್ನೂ ಕೊಯ್ದಿದೆ ಅದು.

ದಸರೆಗೆ ಗೊಂಬೆ ಕೂರಿಸುವವರು ಮುಂದಿನ ಉದ್ಯಾನವನ್ನು ಮಕ್ಕಳಿಗೇ ಬಿಡಿ. ಮಹಾಲಯ ಅಮಾವಾಸ್ಯೆಯ ದಿನ ತಟ್ಟೆಯಲ್ಲಿ ಮಣ್ಣು ಹರಡಿ, ರಾತ್ರಿ ನೆನೆಸಿದ ರಾಗಿ ಚೆಲ್ಲಿ, ದಿನಾ ನೀರು ಚಿಮುಕಿಸಿದರೆ ಸರಸ್ವತಿ ಪೂಜೆಯ ಹೊತ್ತಿಗೆ ಹಸಿರು ಹುಲ್ಲು. ಬೆಂಕಿಪೊಟ್ಟಣದ ಮನೆ, ಐಸ್‌ಕ್ರೀಮ್ ಕಡ್ಡಿಯ ಬೇಲಿ. ನಮ್ಮ ಉದ್ಯಾನದಲ್ಲಿ ಮೆಟ್ರೋ ಕೂಡ ಓಡಿತು, ಟೂತ್‌ಪೇಸ್ಟಿನ ಪೆಟ್ಟಿಗೆಗಳ ಬ್ಲೂ ಲೈನ್.

ನವೆಂಬರಿನ ಹೊಗೆಯ ದಿನಗಳಿಗೆ ಉಪ್ಪಿನ ಹಿಟ್ಟು. ಎರಡು ಬಟ್ಟಲು ಮೈದಾ, ಒಂದು ಬಟ್ಟಲು ಪುಡಿ ಉಪ್ಪು, ಸುಮಾರು ಮುಕ್ಕಾಲು ಬಟ್ಟಲು ನೀರು, ಚಪಾತಿ ಹಿಟ್ಟಿನ ಹಾಗೆ ನಾದಬೇಕು. ಅರಿಸಿನ, ಬೀಟ್‌ರೂಟ್ ರಸದ ಬಣ್ಣ. ಹಣತೆ, ಹಣ್ಣು, ಎತ್ತು, ಗಣಪ, ಏನು ಬೇಕಾದರೂ ಮಾಡಿ ಕೆಲವು ದಿನ ಒಣಗಿಸಿದರೆ ಗಟ್ಟಿಯಾಗುತ್ತದೆ. ಉಪ್ಪು ಬಹಳ ಇರುವುದರಿಂದ ಬಾಯಿಗೆ ಹಾಕದಂತೆ ಕಣ್ಣಿಟ್ಟಿರಿ.

ಜನವರಿಯ ಚಳಿಗೆ ಎಳ್ಳು. ಕೊಬ್ಬರಿ, ಬೆಲ್ಲ ಹೆಚ್ಚುವುದು ದೊಡ್ಡವರು. ಹುರಿದ ಕಡಲೆಕಾಯಿ ಬೀಜ ಉಜ್ಜಿ ಸಿಪ್ಪೆ ಊದುವುದು, ಕಾಗದದ ಪೊಟ್ಟಣ ಮಡಚಿ ಚಿತ್ರ ಬರೆಯುವುದು ಮಕ್ಕಳು. ಲೋಹ್ರಿಗೆ ಕೆಳಗಿನ ಮನೆಯ ಪಂಜಾಬಿ ಅಜ್ಜಿ ರೇವಡಿ ಕೊಡುತ್ತಾರೆ, ಮರುದಿನ ಪುಟ್ಟಿ ಎಳ್ಳು ಒಯ್ಯುತ್ತಾಳೆ. ಇಬ್ಬರ ಕೈಯಲ್ಲೂ ಎಳ್ಳೇ.

ಕೆಲವು ಎಚ್ಚರಿಕೆಯ ಮಾತು. ಮೂರು ವರ್ಷದೊಳಗಿನ ಮಕ್ಕಳ ಗೊಂಬೆಗೆ ಗುಂಡಿ, ಮಣಿ, ಗೆಜ್ಜೆ ಹೊಲಿಯಬೇಡಿ. ಕಣ್ಣು, ಮೂಗನ್ನು ದಾರದಲ್ಲೇ ಮೂಡಿಸಿ. ಟಾಯ್ಲೆಟ್ ಪೇಪರ್ ಸುತ್ತಿರುವ ರಟ್ಟಿನ ಕೊಳವೆಯೊಳಗೆ ತೂರುವಷ್ಟು ಚಿಕ್ಕ ವಸ್ತು ಯಾವುದೇ ಆದರೂ ಆ ವಯಸ್ಸಿನ ಮಗುವಿನ ಗಂಟಲಲ್ಲಿ ಸಿಕ್ಕಬಹುದು. ಇಡೀ ಕಡಲೆಕಾಯಿ ಬೀಜವೂ ನಾಲ್ಕು ವರ್ಷದೊಳಗಿನವರಿಗೆ ಬೇಡ. ಕೂಸಿನ ಗೊಂಬೆಗೆ ಉದ್ದನೆಯ ದಾರ ಬಿಡಬೇಡಿ. ಕೂತಾಗ ಎಷ್ಟು ಸೂಜಿ ತೆಗೆದಿರಿ ಎಣಿಸಿ, ಏಳುವಾಗ ಮತ್ತೆ ಎಣಿಸಿ. ಅಂಗಡಿಯದೇ ಕೊಳ್ಳುವುದಾದರೆ ಐಎಸ್‌ಐ ಗುರುತು ನೋಡಿ, 2021ರ ಜನವರಿಯಿಂದ ಆಟಿಕೆಗಳಿಗೆ ಅದು ಕಡ್ಡಾಯವಾಗಿದೆ. ಊರಿಗೆ ಹೋದಾಗ ಚನ್ನಪಟ್ಟಣದಲ್ಲಿ ಇಳಿದು, ಆಲೆ ಮರಕ್ಕೆ ಅರಗಿನ ಬಣ್ಣ ಏರಿಸಿದ ಗಿಲಕಿ ತನ್ನಿ. ಅದೂ ಒಬ್ಬರ ಕೈಕೆಲಸವೇ.

ಈಗ ಸ್ವಲ್ಪ ಕಹಿ ಮಾತು. ಇದೆಲ್ಲ ಕೇಳಿ ನಿಮ್ಮಲ್ಲಿ ಹಲವರು ಮನಸ್ಸಿನಲ್ಲೇ ನಿಟ್ಟುಸಿರಿಟ್ಟಿರಬಹುದು: ಆಫೀಸು, ಅಡುಗೆ, ಮೆಟ್ರೋದ ನೂಕುನುಗ್ಗಲು, ಅದರ ಮೇಲೆ ಇದೊಂದು. ನಿಜ. ಶಾಲೆಯಿಂದ ‘ಕಸದಿಂದ ರಸ’ ಪ್ರಾಜೆಕ್ಟ್ ಬಂದರೆ ರಾತ್ರಿ ಹನ್ನೊಂದಕ್ಕೆ ಅಂಟಿನ ಬಾಟಲಿ ಹಿಡಿದು ಕೂರುವವರು ಯಾರು? ಅಮ್ಮಂದಿರು. ನಾನೂ ಕೂತಿದ್ದೇನೆ. ಬೆಳಿಗ್ಗೆ ಮಗು ಅದನ್ನು ಹೊತ್ತುಕೊಂಡು ಹೋಗಿ ಶಹಬ್ಬಾಸ್ ಅನ್ನಿಸಿಕೊಳ್ಳುತ್ತದೆ, ಕಲಿತದ್ದು ಏನೂ ಇಲ್ಲ. ನಾನು ಹೇಳುತ್ತಿರುವುದು ಅದನ್ನಲ್ಲ. ವಾರಕ್ಕೆ ಒಂದು ಸಂಜೆ, ಅರ್ಧ ಗಂಟೆ, ಮನೆಯಲ್ಲಿ ಇರುವವರೆಲ್ಲ. ಅಂದವಾಗಬೇಕಿಲ್ಲ, ಫೋಟೋ ಹಾಕಬೇಕಿಲ್ಲ. ಗಂಡಸರೂ ಕೂರಲಿ, ಗಂಡುಮಕ್ಕಳೂ ಸೂಜಿ ಹಿಡಿಯಲಿ. ನಮ್ಮ ಬಟ್ಟೆ ಹೊಲಿಯುವ ದರ್ಜಿ ಗಂಡಸೇ ಅಲ್ಲವೇ? ಕೈ ಬರದವರು ನಮ್ಮ ದೇಶದವರೇ ಆದ ಅರವಿಂದ ಗುಪ್ತಾ ಅವರ ಕೆಲಸ ನೋಡಿ. ಬೆಂಕಿಕಡ್ಡಿ, ಸೈಕಲ್ಲಿನ ವಾಲ್ವ್ ಟ್ಯೂಬು, ಹಳೆ ಪತ್ರಿಕೆಗಳಲ್ಲೇ ವಿಜ್ಞಾನ ಕಲಿಸುವ ಆಟಿಕೆ ಮಾಡುತ್ತಾರೆ. 2018ರಲ್ಲಿ ಪದ್ಮಶ್ರೀ ಬಂತು. ಅವರ ಪುಸ್ತಕಗಳು ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತವೆ.

ಎಲ್ಲವೂ ಗೆಲ್ಲುತ್ತದೆ ಅಂತಲೂ ಅಂದುಕೊಳ್ಳಬೇಡಿ. ಪುಟ್ಟಿಯ ಎಂಟನೇ ಹುಟ್ಟುಹಬ್ಬಕ್ಕೆ ಬಂದ ಹನ್ನೆರಡು ಮಕ್ಕಳಿಗೂ ಅತ್ತೆ ಸೂಜಿಯಿಲ್ಲದ ಗೊಂಬೆ ಕಲಿಸಿದರು. ಕರ್ಚೀಫಿನಷ್ಟು ಬಟ್ಟೆ, ನಡುವೆ ಒಂದು ಹಿಡಿ ಹತ್ತಿ, ಒಟ್ಟುಮಾಡಿ ದಾರ ಕಟ್ಟಿದರೆ ತಲೆ, ಎರಡು ಮೂಲೆಗೆ ಗಂಟು ಹಾಕಿದರೆ ಕೈ. ಮಾಡಿದ್ದೇ ರಿಟರ್ನ್ ಗಿಫ್ಟ್. ಮಕ್ಕಳು ಕೇಕನ್ನೂ ಮರೆತು ಕೂತರು. ಆದರೆ ರಾತ್ರಿ ಕಸ ಹಾಕಲು ಕೆಳಗಿಳಿದಾಗ ಮೆಟ್ಟಿಲ ಮೇಲೆ ಎರಡು ಗೊಂಬೆ ಬಿದ್ದಿದ್ದವು. ಎತ್ತಿಕೊಂಡು ಬಂದೆ. ಪುಟ್ಟಿಗೆ ಹೇಳಲಿಲ್ಲ, ಅತ್ತೆಗೂ ಹೇಳಲಿಲ್ಲ. ಬೀರುವಿನಲ್ಲಿ ಬಚ್ಚಿಟ್ಟವಳು ನಾನು, ಮೆಟ್ಟಿಲ ಮೇಲೆ ಬಿಟ್ಟವರನ್ನು ಹೇಗೆ ಅನ್ನಲಿ?

ಹನ್ನೆರಡರಲ್ಲಿ ಹತ್ತು ಮನೆ ಸೇರಿದವಲ್ಲ, ಅಷ್ಟು ಸಾಕು.

ಕಳೆದ ಚಳಿಗಾಲದಲ್ಲಿ ನನ್ನ ತಮ್ಮನಿಗೆ ಮಗು ಹುಟ್ಟಿತು. ಏನು ಕೊಡೋಣ ಅಂತ ನಾನು ಮೊಬೈಲಿನಲ್ಲಿ ಹುಡುಕುತ್ತಿದ್ದೆ. ಪುಟ್ಟಿ ಒಳಗೆ ಹೋಗಿ ತನ್ನ ಕೌದಿ ತಂದಳು. ‘ನಿನಗೆ ಬೇಡವಾ?’ ಅಂದೆ. ‘ನನಗೆ ಚಿಕ್ಕದಾಯ್ತು. ಅಜ್ಜಿ ಜೊತೆ ಇನ್ನೊಂದು ಮಾಡ್ತೀನಿ’ ಅಂದಳು. ಈಗ ಅತ್ತೆಗೆ ಕಣ್ಣು ಮಂದ. ದಾರ ಪೋಣಿಸುವುದೆಲ್ಲ ಪುಟ್ಟಿಯೇ. ಹೊಸ ಕೌದಿಯ ಎರಡು ಸಾಲು ಆಗಿದೆ. ಈ ಸಲ ವಂಕಿಯಾಗಿ ಓಡುತ್ತಿರುವುದು ಅಜ್ಜಿಯ ಹೊಲಿಗೆ. ಬಿಚ್ಚಿ ಸರಿಮಾಡಲೇ ಅಂದರೆ ಪುಟ್ಟಿ ಬೇಡ ಅನ್ನುತ್ತಾಳೆ.

ಆ ಮೆಳ್ಳಗಣ್ಣಿನ ಗೊಂಬೆ ಈಗ ನಮ್ಮ ಹಾಲಿನ ಶೋಕೇಸಿನಲ್ಲಿದೆ, ಬಂದವರಿಗೆಲ್ಲ ಕಾಣುವ ಹಾಗೆ.

ಕೊನೆಗೆ ಒಂದು ಕೋರಿಕೆ. ಮುಂದಿನ ಸಭೆಗೆ ಬರುವಾಗ ನಿಮ್ಮ ಮನೆಯ ಒಂದು ಹಳೆಯ ಹತ್ತಿ ಬಟ್ಟೆ ತನ್ನಿ, ಅದನ್ನು ಯಾರು ಉಟ್ಟಿದ್ದರು ಎಂಬ ಕಥೆಯನ್ನೂ ತನ್ನಿ. ಮಕ್ಕಳನ್ನು ಕರೆತನ್ನಿ, ಅವರ ಅಪ್ಪಂದಿರನ್ನೂ. ವೇದಿಕೆಯಿಂದ ಒಂದು ಕೌದಿ ಶುರು ಮಾಡೋಣ. ಸೂಜಿ ದಾರ ನಾನು ತರುತ್ತೇನೆ. ನಾಲ್ಕು ಕಾಳು ಅಕ್ಕಿ ಅತ್ತೆ ಕಳಿಸುತ್ತಾರೆ.